ಬಲಗಡೆಯ ಹಿಂದಿನ ಗಾಲಿ

“ನಾಲ್ಕನ್ನೂ ಬಿಚ್ಚು. ಹೊಸದು ಹಾಕು,” ಎಂದು ಅಪ್ಪ ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟರು.

ಕಡ್ಡಿಯಕ್ಕ ತಲೆ ಎತ್ತಲಿಲ್ಲ. ಅವಳ ಮುಂದೆ ಸ್ಟ್ಯಾಂಡಿನ ಮೇಲೆ ಯಾರದೋ ಹಳೆಯ ಕಾರಿನ ಗಾಲಿ ನಿಧಾನವಾಗಿ ತಿರುಗುತ್ತಿತ್ತು. ಸಣ್ಣ ಸ್ಪ್ಯಾನರಿನಿಂದ ಒಂದೊಂದೇ ಕಡ್ಡಿಯನ್ನು ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದಳು. ಬಿಗಿಯಾದದ್ದು ಟಿಣ್ ಎನ್ನುತ್ತಿತ್ತು, ಸಡಿಲವಾದದ್ದು ನೆಗಡಿಯಾದವರ ಹಾಗೆ ಗೊಗ್ಗರು ದನಿ ಮಾಡುತ್ತಿತ್ತು.

“ಕಡ್ಡಿ ಹೋದ ವರ್ಷ ತಾನೇ ಹೊಸದಾಗಿ ಹಾಕಿದೀನಲ್ಲಪ್ಪ.”

“ಕಡ್ಡಿ ಅಲ್ಲ. ಅಲಾಯ್. ಬೋಲ್ಟಿನ ಗಾಲಿ. ಎದುರುಗಡೆ ನಿನ್ನ ತಮ್ಮ ಗಾಜಿನೊಳಗೆ ತೂಗುಹಾಕಿದಾನಲ್ಲ, ಅಂಥದ್ದು.”

ಸ್ಪ್ಯಾನರು ನಿಂತಿತು.

ಆ ಬೀದಿಯಲ್ಲಿ ಎದುರುಬದುರಾಗಿ ಎರಡು ಗಾಲಿ ಅಂಗಡಿಗಳಿದ್ದವು. ಅಪ್ಪ ಕಟ್ಟಿದ ಕಡ್ಡಿಗಾಲಿಯ ಅಂಗಡಿ ಮಗಳಿಗೆ ಬಂದಿತ್ತು. ಕೆಲಸವೂ ಕಡ್ಡಿಯದು, ಮಾತೂ ಕಡ್ಡಿ ಮುರಿದ ಹಾಗೆ. ಹಾಗಾಗಿ ಅವಳು ಬೀದಿಗೆಲ್ಲ ಕಡ್ಡಿಯಕ್ಕ. ತಮ್ಮ ರಸ್ತೆ ದಾಟಿ ಹೊಸ ನಮೂನೆಯ ಗಾಲಿಗಳ ಅಂಗಡಿ ತೆರೆದಿದ್ದ. ಕನ್ನಡಿಯಂತೆ ಹೊಳೆಯುವವು, ಕಾಡಿಗೆಯಂತೆ ಕಪ್ಪಾದವು, ನಡುವೆ ಕೆಂಪು ಉಂಗುರವಿದ್ದವು. ಅವನು ಮಿಂಚು. ಅಕ್ಕ ತಮ್ಮ ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಿದ್ದರು, ಆದರೆ ಊಟದ ಡಬ್ಬಿ ಮಾತ್ರ ದಿನವೂ ರಸ್ತೆ ದಾಟುತ್ತಿತ್ತು.

ಅಪ್ಪನ ಕಾರು ಎಂದರೆ ಅವಳ ಅಂಗಡಿಯ ನಾಮಫಲಕವಿದ್ದಂತೆ. ಉದ್ದ ಮೂತಿಯ, ಎರಡೇ ಬಾಗಿಲಿನ ಹಸಿರು ಕಾರು. ಅದನ್ನು ತಂದ ದಿನ ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತಂತೆ. ಪ್ರತಿ ವರ್ಷ ಹಳೆಯ ಕಾರುಗಳ ಮೇಳದಲ್ಲಿ ಅದು ಮೊದಲ ಸಾಲಿನಲ್ಲಿ ನಿಲ್ಲುತ್ತಿತ್ತು. ಬಿಸಿಲಿಗೆ ಜರಿಯಂತೆ ಮಿನುಗುವ ಅದರ ಗಾಲಿಗಳನ್ನು ನೋಡಿದವರು “ಇದನ್ನ ಯಾರು ಕಟ್ಟಿದ್ದು?” ಎಂದು ಕೇಳಿಕೊಂಡೇ ಇವಳ ಬಾಗಿಲಿಗೆ ಬರುತ್ತಿದ್ದರು. ಮೇಳ ಬರುವ ತಿಂಗಳಿತ್ತು.

“ಆ ಮೈಗೆ ಅಲಾಯ್ ಹಾಕಿದ್ರೆ ರೇಷ್ಮೆ ಸೀರೆ ಉಟ್ಕೊಂಡು ಗಂಬೂಟ್ ಹಾಕಿದ ಹಾಗಿರುತ್ತೆ,” ಎಂದಳು.

“ನಡೆಯೋಳು ಅವಳು. ಕಾಲಿಗೆ ಯಾವುದು ಹಿತ ಅಂತ ಅವಳನ್ನ ಕೇಳು.”

“ಕಾರಣ ಹೇಳು ಮೊದ್ಲು.”

“ಟ್ಯೂಬಿನ ರಗಳೆ ಇಲ್ಲ. ಕಡ್ಡಿ ಬಿಗಿಯೋ ಕೆಲಸ ಇಲ್ಲ. ತೊಳೆಯೋದು ಸುಲಭ.”

“ನೀನು ಸುಲಭ ಅಂತ ಯಾವತ್ತಪ್ಪ ಕೆಲಸ ಮಾಡಿದೀಯಾ?”

ಅಪ್ಪ ಕೀಲಿ ತೆಗೆದುಕೊಂಡರು. “ನೀನಲ್ಲದಿದ್ರೆ ಅವನು,” ಎಂದು ರಸ್ತೆ ದಾಟಿಹೋದರು.

ಸ್ವಲ್ಪ ಹೊತ್ತಿಗೆ ಮಿಂಚು ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಓಡಿಬಂದ.

“ಅಕ್ಕಾ, ನಾನು ಕಿವಿ ಊದಿಲ್ಲ ಮಾರಾಯ್ತಿ. ಅಪ್ಪನೇ ಬಂದು ಕೂತಿದಾನೆ. ಅಚ್ಚಿಗೂ ಗಾಲಿಗೂ ನಡುವೆ ಒಂದು ತಟ್ಟೆ ಕೂರಿಸಿ ಹೊಸ ಗಾಲಿ ಸಿಗಿಸಬಹುದು...”

“ತಟ್ಟೆ ಕೂರಿಸಿದ್ರೆ ಗಾಲಿ ಹೊರಗೆ ಚಾಚ್ಕೊಂಡು ಮಡ್‌ಗಾರ್ಡಿಗೆ ಉಜ್ಜುತ್ತೆ. ಮುಟ್ಟಿದ್ರೆ ನೋಡು.”

“ಮುಟ್ಟಲ್ಲ. ಆದ್ರೆ ಅವನ ಹಟ ಗೊತ್ತಲ್ಲ. ಅಲ್ಲಾ, ಈ ವಯಸ್ಸಲ್ಲಿ ಏನು ಕಸರತ್ತು ಅಂತೀನಿ. ದಿನಾ ಬೆಳಿಗ್ಗೆ ನಾನು ಬಾಗಿಲು ತೆಗೆಯೋ ಹೊತ್ತಿಗೆ ಕಾಲಲ್ಲಿ ಪಂಪು ಒತ್ತುತಾ ಇರ್ತಾನೆ.”

“ಯಾವ ಗಾಲಿಗೆ?”

“ಬಲಗಡೆ, ಹಿಂದಿನದು. ದಿನಾ ಅದೊಂದಕ್ಕೇ.”

ದಿನವೂ ಗಾಳಿ ಇಳಿಯುವ ಗಾಲಿ ಎಂದರೆ ಪಂಕ್ಚರ್ ಆದ ಗಾಲಿ. ಬಿಚ್ಚಿ ತೇಪೆ ಹಾಕುವುದು ಬಿಟ್ಟು ಅಪ್ಪ ಯಾಕೆ ಪಂಪು ಒತ್ತುತ್ತಿದ್ದಾರೆ? ‘ಗಾಲಿ ಬಿಚ್ಚೋಕೆ ಬಾರದವರು ಸ್ಟೀರಿಂಗ್ ಮುಟ್ಟಬಾರದು’ ಎನ್ನುವುದು ಅವರೇ ಮನೆಯಲ್ಲಿ ಮಾಡಿದ ಕಾನೂನು. ಒಬ್ಬರೇ ಗಾಲಿ ಬಿಚ್ಚಿ ಮತ್ತೆ ಹಾಕಿ ತೋರಿಸುವ ತನಕ ಅವರು ಮಕ್ಕಳಿಬ್ಬರಿಗೂ ಕೀಲಿ ಕೊಟ್ಟಿರಲಿಲ್ಲ. ಮಿಂಚು ಅತ್ತರೂ ಕೊಟ್ಟಿರಲಿಲ್ಲ.

ಮಧ್ಯಾಹ್ನ ಉಂಡು ಅಪ್ಪ ಮಲಗಿದ ಮೇಲೆ ಅವಳು ಹಿತ್ತಲಿನಲ್ಲಿ ಕಾರು ನಿಲ್ಲಿಸುವ ಶೆಡ್ಡಿಗೆ ಹೋದಳು.

ಅಚ್ಚಿನ ತುದಿಯ ಗುಂಬಕ್ಕೆ, ಅಂದರೆ ಹಬ್‌ಗೆ, ಕಡ್ಡಿಗಾಲಿಯನ್ನು ಹಿಡಿದಿಡುವುದು ನಡುವಿನ ಒಂದೇ ದೊಡ್ಡ ನಟ್ಟು. ಅದಕ್ಕೆ ಎರಡು ಕಿವಿ. ತಾಮ್ರದ ಸುತ್ತಿಗೆಯಿಂದ ಕಿವಿಗೆ ಹೊಡೆದು ಬಿಚ್ಚಬೇಕು, ಹೊಡೆದೇ ಬಿಗಿಯಬೇಕು. ಓಡುವಾಗ ತಾನಾಗಿ ಕಳಚಬಾರದೆಂದು ಎಡಗಡೆಯ ನಟ್ಟು ಒಂದು ದಿಕ್ಕಿಗೆ, ಬಲಗಡೆಯದು ಅದಕ್ಕೆ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಎಡಗಡೆಯದು ಎಲ್ಲ ನಟ್ಟುಗಳಂತೆಯೇ. ಬಲಗಡೆಯದೇ ಉಲ್ಟಾ. ಅಪ್ಪ ಮಕ್ಕಳಿಗೆ ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು: ಮೇಲಿನ ಕಿವಿಗೆ ಕಾರಿನ ಮುಂದಕ್ಕೆ ಹೊಡೆದರೆ ಬಿಚ್ಚುತ್ತೆ, ಹಿಂದಕ್ಕೆ ಹೊಡೆದರೆ ಬಿಗಿಯುತ್ತೆ. ಯಾವ ಕಡೆಯಾದರೂ ಸರಿ.

ಅವಳು ಕುಕ್ಕರಗಾಲಿನಲ್ಲಿ ಕೂತು ಬಲಗಡೆಯ ಹಿಂದಿನ ಗಾಲಿಯ ನಟ್ಟನ್ನು ಒರೆಸಿದಳು. ಕಿವಿಗಳ ಮೇಲೆ ಹಸಿ ಗಾಯಗಳಿದ್ದವು. ತಾಮ್ರ ಅಂಥ ಗಾಯ ಮಾಡುವುದಿಲ್ಲ. ತಾಮ್ರಕ್ಕೆ ನಟ್ಟು ಜಗ್ಗಲಿಲ್ಲವೆಂದು ಯಾರೋ ಕಬ್ಬಿಣ ಹಿಡಿದಿದ್ದರು. ಹೊಡೆತವೆಲ್ಲ ಒಂದೇ ಮಗ್ಗುಲಿಗೆ, ಬಿಗಿಯುವ ಮಗ್ಗುಲಿಗೆ ಬಿದ್ದಿತ್ತು. ಬಿಚ್ಚುವ ಮಗ್ಗುಲು ಮಗುವಿನ ಕೆನ್ನೆಯಂತೆ ನುಣ್ಣಗಿತ್ತು.

ಈಚೆಗೆ ಒಂದು ಸಂಜೆ ಅಪ್ಪ ತಡವಾಗಿ ಬಂದು, ಹಳೇ ಗೆಳೆಯ ಸಿಕ್ಕಿದ್ದ ಅಂದದ್ದು, ಆಮೇಲೆ ವಾರವೆಲ್ಲ ಹೆಗಲಿಗೆ ಎಣ್ಣೆ ತಿಕ್ಕಿಕೊಂಡದ್ದು ನೆನಪಾಯಿತು.

ಎದ್ದು ತಾಮ್ರದ ಸುತ್ತಿಗೆ ತಂದಳು. ಮುಂದಕ್ಕೆ ಹೊಡೆದಳು. ನಟ್ಟು ಅಲುಗಲಿಲ್ಲ. ಅಪ್ಪ ಎಷ್ಟು ಬಿಗಿದಿದ್ದರೆಂದರೆ ಅವಳ ಮೊಣಕೈ ಜುಮ್ಮೆಂದಿತು. ಎಣ್ಣೆ ಬಿಟ್ಟು, ಕಾದು, ಮತ್ತೆ ಹೊಡೆದಳು. ರವಿಕೆ ಬೆನ್ನಿಗಂಟುವ ಹೊತ್ತಿಗೆ ನಟ್ಟು ಕಿರ್ರೆಂದು ತಿರುಗಿತು.

“ಬಿಚ್ಚಿತಾ?”

ಅಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ತಲೆಗೂದಲು ದಿಂಬಿಗೊತ್ತಿ ಒಂದು ಕಡೆ ಎದ್ದಿತ್ತು.

“ಬಿಚ್ಚಿತು.”

“ಯಾವ ಕಡೆಗೆ ಹೊಡೆದೆ?”

ಸುಳ್ಳು ಹೇಳಬಹುದಿತ್ತು. ಅದು ಅವಳಿಗೆ ಅಭ್ಯಾಸವಿರಲಿಲ್ಲ. “ಮುಂದಕ್ಕೆ,” ಎಂದಳು.

ಅಪ್ಪ ಹಳೆಯ ಟೈರಿನ ಮೇಲೆ ಕೂತರು. “ಅವತ್ತು ದಾರೀಲಿ ಪಂಕ್ಚರ್ ಆಯ್ತು. ಹೊಡೆದಷ್ಟೂ ಬಿಗೀತಾ ಹೋಯ್ತು ಕಣೆ. ತುಕ್ಕು ಹಿಡಿದಿದೆ ಅಂದ್ಕೊಂಡೆ. ಜನ ಬೇರೆ ಸೇರಿದ್ರು. ಒಬ್ಬ ಹುಡುಗ, ‘ತಾತಾ, ಮನೇಲಿ ಯಾರಿಗಾದ್ರೂ ಫೋನ್ ಮಾಡ್ಲಾ’ ಅಂದ. ಗಾಳಿ ತುಂಬಿಸ್ಕೊಂಡು ಅರ್ಧ ದಾರಿ ಬಂದ್ಮೇಲೆ ಹೊಳೀತು, ಉಲ್ಟಾ ಹೊಡೆದೆ ಅಂತ. ಮನೇಲಿ ತಾಮ್ರದಿಂದ ಸರಿಯಾಗೇ ಹೊಡೆದೆ. ಅಷ್ಟರಲ್ಲಿ ಹೆಗಲು ಬಿದ್ದೋಗಿತ್ತು.”

“ನಂಗೆ ಹೇಳೋಕೇನಾಗಿತ್ತು?”

“ಹೇಳಿದ್ರೆ ಏನು ಮಾಡ್ತಿದ್ದೆ? ಕೀಲಿ ಇಸ್ಕೋತಿದ್ದೆ.”

ಅದು ನಿಜ. ಅವಳು ಜಾಕನ್ನು ಕಾರಿನಡಿಗೆ ತಳ್ಳಿದಳು.

“ಬೋಲ್ಟಾದ್ರೆ ಎರಡೂ ಕಡೆ ಒಂದೇ,” ಎಂದರು ಅಪ್ಪ. “ನಲ್ಲಿ ಹಾಗೆ, ಸೀಸೆ ಮುಚ್ಚಳದ ಹಾಗೆ. ತಲೆ ಮರೆತ್ರೂ ಕೈ ಮರೆಯಲ್ಲ. ಸುತ್ತಿಗೆ ಎತ್ತೋದೂ ಬೇಡ, ಉದ್ದ ಸ್ಪ್ಯಾನರ್ ಸಾಕು. ನಾನು ಮಾಡಿದ ಕಾನೂನು, ನಾನೇ ಮುರೀಲಾ?”

ಅವಳು ಟ್ಯೂಬಿಗೆ ತೇಪೆ ಹಾಕಿ ಗಾಲಿ ಕೂರಿಸಿದಳು. ಕೈ ತೊಳೆದುಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತಳು.

“ನಡಿ. ಸಂತೆ ಬೀದಿಯಲ್ಲಿ ಹೋಗಿ ಗುಡ್ಡ ಹತ್ತಿಸು.”

“ಪರೀಕ್ಷೇನಾ?”

“ಹೌದು. ಫೇಲಾದ್ರೆ ಯಾವ ಗಾಲೀನೂ ಇಲ್ಲ.”

ಸಂತೆ ಬೀದಿಯಲ್ಲಿ ತಳ್ಳುಗಾಡಿ, ಸೈಕಲ್ಲು, ಫೋನು ನೋಡುತ್ತ ದಾಟುವವರು. ಅವಳು ರಸ್ತೆ ನೋಡಲಿಲ್ಲ, ಅಪ್ಪನ ಕಾಲು ನೋಡಿದಳು, ಕಣ್ಣು ನೋಡಿದಳು. ನಿಂತ ವ್ಯಾನಿನ ಮರೆಯಿಂದ ಸೈಕಲ್ಲೊಂದು ನುಗ್ಗುವ ಮೊದಲೇ ಅಪ್ಪನ ಕಾಲು ಬ್ರೇಕಿನ ಮೇಲಿತ್ತು. “ವ್ಯಾನಿನ ಅಡಿಯಲ್ಲಿ ಅವನ ಚಕ್ರ ಕಾಣ್ತಿತ್ತು,” ಎಂದರು, ಕೇಳದಿದ್ದರೂ. ಗುಡ್ಡದ ಕೊನೆಯ ತಿರುವಿನಲ್ಲಿ ಗೇರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬದಲಾಯಿತು. ಇನ್ನೊಂದು ದಾರಿಯಲ್ಲಿ ಇಳಿಸಿ ಮನೆಗೆ ತಂದರು. ಒಂದು ತಿರುವೂ ತಪ್ಪಲಿಲ್ಲ.

ಇಳಿಯುವಾಗ ಅವಳು ಹೇಳಿದಳು, “ಹಬ್ ಸಮೇತ ಬದಲಾಯಿಸ್ಬೇಕು. ಗಾಲಿ ತಮ್ಮನದು, ಕೆಲಸ ನಂದು. ಇನ್ನೊಬ್ರು ಕೈ ಹಾಕೋ ಹಾಗಿಲ್ಲ.”

ಅಕ್ಕ ತನ್ನ ಅಂಗಡಿಗೆ ಗಿರಾಕಿಯಾಗಿ ಬಂದದ್ದನ್ನು ಕಂಡು ಮಿಂಚು ಕುರ್ಚಿಯನ್ನು ಎರಡೆರಡು ಸಲ ಒರೆಸಿದ. “ಇವತ್ತು ಸೂರ್ಯ ಎಲ್ಲಿ ಹುಟ್ಟಿದಾನೆ ಅಕ್ಕಾ?” ಎಂದ. ಅಪ್ಪ ಕೆಂಪು ಉಂಗುರದ ಗಾಲಿಗೆ ಕೈಹಾಕಿದರು. ಅವಳು ಆ ಕೈಯನ್ನು ತೆಗೆದು, ಬೂದಿ ಬಣ್ಣದ ತೀರಾ ಸಾದಾ ಗಾಲಿಯ ಮೇಲಿಟ್ಟಳು. “ಇಷ್ಟರ ಮಟ್ಟಿಗೆ ನನ್ನ ಮಾತು ನಡೀಲಿ.” ಯಾಕೆ ಮನಸ್ಸು ಬದಲಾಯಿತೆಂದು ತಮ್ಮ ಕೇಳಿದಾಗ, “ತೊಳೆಯೋದು ಸುಲಭ,” ಎಂದಳು.

ಹಬ್ ಬಿಚ್ಚಿ ಹೊಸದನ್ನು ಕೂರಿಸುವ ಕೆಲಸ ದಿನಗಟ್ಟಲೆ ಹಿಡಿಯಿತು. ಕೊನೆಗೆ ಅವಳು ಅಪ್ಪನ ಕೈಗೆ ಉದ್ದ ಹಿಡಿಯ ಸ್ಪ್ಯಾನರು ಕೊಟ್ಟು ದೂರ ನಿಂತಳು. ಅಪ್ಪ ಬಲಗಡೆಯ ಹಿಂದಿನ ಗಾಲಿಯ ಬಳಿ ಜಾಕ್ ಇಟ್ಟರು. ಮೊದಲ ಬೋಲ್ಟು ಹಟಮಾಡಿತು. ಸ್ಪ್ಯಾನರಿನ ಹಿಡಿಯ ಮೇಲೆ ಕಾಲಿಟ್ಟು ಮೈಭಾರ ಬಿಟ್ಟರು. ಮಿಂಚು ತಡೆಯಲಾರದೆ ಒಂದು ಹೆಜ್ಜೆ ಮುಂದಿಟ್ಟಾಗ ಅವಳು ಅವನ ಅಂಗಿಯ ಹಿಂಬದಿ ಹಿಡಿದು ಎಳೆದಳು. ಬೋಲ್ಟುಗಳು ಸಡಿಲಿದವು, ಜಾಕಿನ ಮೇಲೆ ಕಾರು ಎದ್ದಿತು, ಗಾಲಿ ಬಂತು. ಅದನ್ನು ನೆಲದ ಮೇಲೆ ಉರುಳಿಸಿ, ಪಾದದ ಮೇಲೆ ಹತ್ತಿಸಿಕೊಂಡು, ಪಾದದಿಂದಲೇ ಎತ್ತಿ ಮತ್ತೆ ಜಾಗದಲ್ಲಿ ಕೂರಿಸಿದರು. ನಿಲ್ಲುವಾಗ ಉಸಿರು ಹತ್ತಿತ್ತು, ಮುಖ ಕೆಂಪಾಗಿತ್ತು.

“ಯಾಕೆ ಇಬ್ರೂ ಗೊಂಬೆ ಥರ ನಿಂತಿದೀರಿ? ಯಾರಾದ್ರೂ ನೀರು ಕೊಡಿ,” ಎಂದರು.

ಮೇಳದ ಮೈದಾನದಲ್ಲಿ ವ್ಯವಸ್ಥಾಪಕ ಕಾರಿನ ಸುತ್ತ ಒಂದು ಸುತ್ತು ಬಂದು, ಕೆನ್ನೆ ಕೆರೆದುಕೊಂಡು, “ಅಸಲಿ ಗಾಡಿಗಳ ಸಾಲಲ್ಲಿ ಇದನ್ನ ನಿಲ್ಸೋಕಾಗಲ್ಲ ಅಮ್ಮಾ,” ಎಂದ. ಹಸಿರು ಕಾರು ಹಿಂದೆ, ಬೇಲಿಯ ಪಕ್ಕಕ್ಕೆ ಹೋಯಿತು. ಅಲ್ಲಿ ಮೈತುಂಬ ಬೆಂಕಿಯ ಜ್ವಾಲೆ ಬರೆಸಿಕೊಂಡ, ಬಾನೆಟ್ ಸೀಳಿ ಎಂಜಿನ್ನು ಹೊರಗೆ ಚಾಚಿದ, ಎಮ್ಮೆ ಗಾತ್ರದ ಟೈರುಗಳ ಗಾಡಿಗಳಿದ್ದವು. ಅಪ್ಪ ಆ ಗಾಡಿಗಳ ಹುಡುಗರ ಜೊತೆ ಎಂಜಿನ್ನಿನೊಳಗೆ ತಲೆಹಾಕಿ ಆಗಲೇ ಜಗಳಕ್ಕೆ ಬಿದ್ದಿದ್ದರು.

ಅವಳ ಹಳೆಯ ಗಿರಾಕಿಯೊಬ್ಬ ಹುಡುಕಿಕೊಂಡು ಬಂದ. ಗಾಲಿಗಳನ್ನು ನೋಡಿ ನಾಲಿಗೆ ಲೊಚಗುಟ್ಟಿದ.

“ಅಯ್ಯೋ, ಏನಿದು ಅನ್ಯಾಯ? ಎಂಥಾ ಗಾಲಿಗಳಿದ್ವು! ಯಾವ ಪುಣ್ಯಾತ್ಮ ಮಾಡಿದ್ದು ಈ ಕೆಲಸ?”

“ನಾನೇ,” ಎಂದಳು ಕಡ್ಡಿಯಕ್ಕ.

ಅವನು ನಕ್ಕ. ಅವಳು ನಗದಿರುವುದನ್ನು ಕಂಡು ನಿಲ್ಲಿಸಿದ. ಕೈಯಲ್ಲಿದ್ದ ಟೋಪಿಯನ್ನು ತಲೆಗಿಟ್ಟುಕೊಂಡು ಮುಂದಿನ ಸಾಲಿನ ಕಡೆಗೆ ನಡೆದ. ಅವನು ಇನ್ನು ಬಾಗಿಲಿಗೆ ಬರಲಾರ ಎಂದು ಅವಳಿಗನ್ನಿಸಿತು.

ಸಂಜೆ ಗಾಡಿಗಳು ಒಂದೊಂದಾಗಿ ಹೊರಟವು. “ಬರ್ತೀಯಾ?” ಎಂದು ಅಪ್ಪ ಕಿಟಕಿಯಿಂದ ಕೇಳಿದರು.

“ನೀನು ಹೋಗು. ನಾನು ತಮ್ಮನ ವ್ಯಾನಲ್ಲಿ ಬರ್ತೀನಿ.”

ಜ್ವಾಲೆಯ ಗಾಡಿಗಳ ಗದ್ದಲದ ನಡುವೆ ಹಸಿರು ಕಾರು ಗೇಟಿನ ತನಕ ಹೋಗಿ ನಿಂತಿತು. ತಲೆಯ ಮೇಲೆ ಮಡಚಿದ ಕುರ್ಚಿಗಳನ್ನು ಹೊತ್ತ ಹೆಂಗಸೊಬ್ಬಳು ಎದುರಿಗೆ ದಾಟುತ್ತಿದ್ದಳು. ಹಿಂದಿನವರು ಹಾರ್ನ್ ಬಾರಿಸಿದರು. ಅಪ್ಪ ಅಲುಗಲಿಲ್ಲ. ಆ ಹೆಂಗಸು ಪೂರ್ತಿ ದಾಟಿ ಅಂಚು ಸೇರಿದ ಮೇಲೆ ಬಲಗೈಯನ್ನು ಹೊರಗೆ ಚಾಚಿ, ನಿಧಾನವಾಗಿ ರಸ್ತೆಗೆ ಇಳಿದರು.