ಕಂಬದ ಪೆಟ್ಟಿಗೆಯಲ್ಲಿ ಅಪ್ಪ

ಆ ಕಂಬಳಿ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ‘ಮಗಳು’. ಅಪ್ಪ ಅಲ್ಲಿ ಮಗ್ಗ ನಡೆಸುತ್ತಿದ್ದ ಕಾಲದಲ್ಲಿ ‘ನನ್ನ ಮಗಳು ಹಾಗಂದಳು, ನನ್ನ ಮಗಳು ಹೀಗಂದಳು’ ಎಂದು ಎಲ್ಲರ ತಲೆ ತಿಂದು ತಿಂದು, ಅವಳು ಕೆಲಸಕ್ಕೆ ಸೇರುವ ಮುಂಚೆಯೇ ಆ ಹೆಸರು ಅವಳಿಗಾಗಿ ಅಲ್ಲಿ ಕಾದು ಕೂತಿತ್ತು. ಅವಳು ಸೇರಿದ್ದು ಅಪ್ಪ ಹೋದ ಮೇಲೆ, ಅಪ್ಪನ ಬದಲಿಗೆ. ಮಗ್ಗದ ಕೆಲಸವಲ್ಲ, ನೇಯ್ದು ಬಂದ ಕಂಬಳಿಯನ್ನು ದೀಪದ ಮೇಜಿನ ಮೇಲೆ ಹರಡಿ, ಎಲ್ಲೆಲ್ಲಿ ಎಳೆ ಹರಿದಿದೆಯೋ ಅಲ್ಲಲ್ಲಿ ಸೂಜಿಯಿಂದ ಸೇರಿಸುವ ಕೆಲಸ. ಕಣ್ಣಿಗೆ ದಣಿವು, ಮನಸ್ಸಿಗೆ ಬಿಡುವು. ಕೈ ಎಳೆ ಸೇರಿಸುತ್ತಿದ್ದರೆ ಮನಸ್ಸು ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು. ಅವಳ ಮನಸ್ಸು ಹೋಗುತ್ತಿದ್ದದ್ದು ಒಂದೇ ಕಡೆಗೆ, ಮೂಲೆಯ ಕಂಬಕ್ಕೆ.

ಅಪ್ಪ ಬಿದ್ದದ್ದು ಆ ಕಂಬದ ಬುಡದಲ್ಲಿ. ಬಿದ್ದಾಗ ಯಾರೂ ಸುಮ್ಮನೆ ನಿಂತಿರಲಿಲ್ಲ; ಅವರವರಿಗೆ ತಿಳಿದದ್ದನ್ನು ಅವರವರು ಮಾಡಿದರು. ಒಬ್ಬರು ಗಾಳಿ ಬೀಸಿದರು, ಒಬ್ಬರು ಅಂಗಾಲು ತಿಕ್ಕಿದರು, ಎಣ್ಣೆ ಮಾವ ಲೋಟದಲ್ಲಿ ನೀರು ತಂದು ಬಾಯಿಗೆ ಹೊಯ್ದರು. ನೀರು ಒಳಗಿಳಿಯದೆ ಕೆನ್ನೆಯ ಮೇಲೆ ಹರಿದು ನೆಲ ಸೇರಿತಂತೆ. ಆಸ್ಪತ್ರೆಯ ವಾಹನ ಬರುವ ಹೊತ್ತಿಗೆ ಮೈ ತಣ್ಣಗಾಗಿತ್ತು. ಎದೆ ಒತ್ತಬೇಕಿತ್ತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದರೆ ತಪ್ಪೂ ಅಲ್ಲ, ಸಮಾಧಾನವೂ ಅಲ್ಲ. ಆ ನೀರಿನ ಲೋಟವೊಂದು ಮಾತ್ರ ಮಗಳ ಗಂಟಲಲ್ಲಿ ಇವತ್ತಿಗೂ ಇಳಿಯದೆ ಉಳಿದಿತ್ತು.

ಎಣ್ಣೆ ಮಾವ ಎಂದರೆ ಮಗ್ಗಗಳಿಗೆ ಎಣ್ಣೆ ಬಿಡುವವರು. ಹೆಸರಿಗೆ ಎಣ್ಣೆ, ಬಾಯಿಗೆ ಹನಿ ಸೋಕಿಸದ ಮನುಷ್ಯ. ಅಪ್ಪನ ಜೊತೆಗಾರ. ಆ ದಿನದಿಂದ ಅವರು ಅವಳ ಮುಖ ನೋಡಿ ಮಾತಾಡಿದ್ದಿಲ್ಲ, ಅವಳೂ ಮಾತಾಡಿಸಿದ್ದಿಲ್ಲ.

ಅಪ್ಪ ಹೋದ ಮೇಲೆ ಕಾರ್ಖಾನೆಯವರು ಅದೇ ಕಂಬಕ್ಕೆ ಒಂದು ಬಿಳಿ ಪೆಟ್ಟಿಗೆ ಹಾಕಿಸಿದರು. ನಿಂತ ಎದೆಗೆ ಶಾಕ್ ಕೊಟ್ಟು ಎಬ್ಬಿಸುವ ಯಂತ್ರ ಅದರೊಳಗಿತ್ತು. “ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ” ಎಂದು ಪಕ್ಕದ ಮೇಜಿನ ಕತ್ತರಿ ಅತ್ತೆ ಅಂದಿದ್ದರು. ಅವರಿಗೆ ಆ ಹೆಸರು ಬಂದದ್ದು ಕೊರಳಲ್ಲಿ ತೂಗುವ ಕತ್ತರಿಯಿಂದಲೋ ಬಾಯಲ್ಲಿರುವ ಕತ್ತರಿಯಿಂದಲೋ, ಇಬ್ಬಗೆಯ ಅಭಿಪ್ರಾಯವಿತ್ತು.

ಪೆಟ್ಟಿಗೆಯ ಗಾಜಿನ ಹಿಂದೆ ಒಂದು ಹಸಿರು ದೀಪ. ಮಿಣುಕ್ ಅನ್ನುತ್ತದೆ, ಆರುತ್ತದೆ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತಿಗೆ ಮತ್ತೆ ಮಿಣುಕ್ ಅನ್ನುತ್ತದೆ. ಮೊದಲು ಯಾರೋ ತಮಾಷೆಗೆ ಅಂದರು, ‘ನೋಡ್ರೋ, ಅವನೇ ಕಣ್ಣು ಹೊಡೀತಾ ಇದ್ದಾನೆ’ ಅಂತ. ಅಪ್ಪನಿಗೆ ಮಾತಿನ ಕೊನೆಗೆ ಕಣ್ಣು ಹೊಡೆಯುವ ಚಟವಿತ್ತು. ಎಲ್ಲರೂ ನಕ್ಕರು. ಮರುದಿನ ನಕ್ಕವರು ಕಡಿಮೆ. ವಾರ ಕಳೆಯುವಷ್ಟರಲ್ಲಿ ಆ ಕಂಬದ ಹತ್ತಿರ ಹಾಯುವುದನ್ನೇ ಜನ ಬಿಟ್ಟರು. ಕಂಬದ ಪಕ್ಕದಲ್ಲೇ ಇದ್ದ ಅಪ್ಪನ ಮಗ್ಗಕ್ಕೆ ಹೊಸಬರು ಬಂದರು, ಒಬ್ಬನೂ ನಿಲ್ಲಲಿಲ್ಲ. ಅಲ್ಲಿ ಎಳೆ ಸುಮ್ಮಸುಮ್ಮನೆ ಹರಿಯುತ್ತದೆ ಅಂದರು, ಬೆನ್ನ ಹಿಂದೆ ಯಾರೋ ನಿಂತ ಹಾಗಾಗುತ್ತದೆ ಅಂದರು. ಕೊನೆಗೆ ಆ ಮಗ್ಗಕ್ಕೊಂದು ಕಂಬಳಿ ಹೊದಿಸಿ ಬಿಟ್ಟರು. ಜನ ಸುತ್ತು ಹಾಕಿ ನಡೆದು ನಡೆದು ನೆಲದಲ್ಲಿ ಹೊಸ ದಾರಿಯೇ ಸವೆಯಿತು. ಕಂಬದ ಬುಡದಲ್ಲಿ ಮಾತ್ರ ಉಣ್ಣೆಯ ನವಿರು ಬೂದಿಯಂತೆ ಕೂತು, ಯಾರ ಹೆಜ್ಜೆಯೂ ಬೀಳದೆ ದಪ್ಪವಾಗುತ್ತ ಹೋಯಿತು.

ಪೆಟ್ಟಿಗೆ ಮುಟ್ಟುತ್ತಿದ್ದವಳು ಮಗಳೊಬ್ಬಳೇ. ಬಿಡುವಿನಲ್ಲಿ ಹೋಗಿ, ಆ ನವಿರು ತುಳಿಯದೆ ಕೈ ಚಾಚಿ ಗಾಜು ಒರೆಸಿ, ದೀಪ ನೋಡಿ ಬರುತ್ತಿದ್ದಳು. ಅದನ್ನು ನೋಡಿದ ಸುರಕ್ಷಾ ಮೇಡಂ, ಎಂದರೆ ಕಾರ್ಖಾನೆಯಲ್ಲಿ ಯಾರಿಗೂ ಅಪಾಯವಾಗದಂತೆ ನೋಡಿಕೊಳ್ಳಲು ಇದ್ದ ಅಧಿಕಾರಿ, ಪೆಟ್ಟಿಗೆಯ ಉಸ್ತುವಾರಿಯನ್ನು ಅವಳಿಗೇ ವಹಿಸಿದರು. ತಿಂಗಳಿಗೊಮ್ಮೆ ತೆರೆದು ನೋಡಬೇಕು ಅಂದರು. ಅವಳು ತೆರೆಯಲಿಲ್ಲ.

ಏಕೆಂದರೆ ಅವಳಿಗೆ ಒಂದು ಕಥೆ ಗೊತ್ತಿತ್ತು. ಅಜ್ಜಿಯ ಮಡಿಲಲ್ಲಿ ಮಲಗಿ ಕೇಳಿದ್ದು: ಏಳು ಸಮುದ್ರದಾಚೆ ಒಂದು ಮರ, ಮರದಲ್ಲೊಂದು ಪೊಟರೆ, ಪೊಟರೆಯೊಳಗೊಂದು ಗಿಳಿ, ಆ ಗಿಳಿಯೊಳಗೆ ರಾಕ್ಷಸನ ಜೀವ. ಗಿಳಿಯ ಕತ್ತು ಹಿಸುಕಿದರೆ ಇಲ್ಲಿ ರಾಕ್ಷಸ ದೊಪ್ಪೆಂದು ಬೀಳುತ್ತಾನೆ. ಉಳಿದ ಮಕ್ಕಳು ರಾಜಕುಮಾರ ಗೆದ್ದನಲ್ಲ ಎಂದು ಚಪ್ಪಾಳೆ ತಟ್ಟಿದರೆ ಇವಳು ಕೇಳಿದ್ದಳು, ಅಜ್ಜಿ, ಗಿಳೀನ ಯಾರೂ ಮುಟ್ಟದೇ ಇದ್ರೆ? ಅಜ್ಜಿ ಸ್ವಲ್ಪ ಯೋಚಿಸಿ, “ಮುಟ್ಟದೇ ಇದ್ರೆ ಅವನು ಸಾಯಲ್ಲ ಮರಿ. ಬದುಕೋದೂ ಇಲ್ಲ. ಇರ್ತಾನೆ, ಅಷ್ಟೆ” ಅಂದಿದ್ದಳು.

ಇರ್ತಾನೆ, ಅಷ್ಟೆ. ಮಗಳಿಗೆ ಅಷ್ಟು ಸಾಕಾಗಿತ್ತು. ಊಟದ ಹೊತ್ತಿಗೆ ಮಗ್ಗಗಳೆಲ್ಲ ಒಟ್ಟಿಗೆ ನಿಂತಾಗ, ಕಿವಿ ಕಿತ್ತುಹೋಗುವ ಸದ್ದಿನ ಹಿಂದಿನಿಂದ ಒಮ್ಮೆಲೇ ಮೌನ ಬಂದು ನಿಲ್ಲುತ್ತಿತ್ತು. ಆಗ ಕಂಬದ ಕಡೆಯಿಂದ ‘ಹುಸ್ಸ್’ ಎಂದು ಉದ್ದನೆಯ ನಿಟ್ಟುಸಿರು. ಮಗ್ಗಗಳಿಗೆ ಗಾಳಿ ಹಾಯಿಸುವ ಕೊಳವೆ ಖಾಲಿಯಾಗುವ ಸದ್ದು ಅದು ಎಂದು ಎಲ್ಲರಿಗೂ ಗೊತ್ತು. ಆದರೆ ಅಪ್ಪ ಮನೆಗೆ ಬಂದು ಬೂಟು ಕಳಚಿ ಕುರ್ಚಿಗೆ ಒರಗುವಾಗ ಹೀಗೇ ಉಸಿರು ಬಿಡುತ್ತಿದ್ದರು ಎಂಬುದು ಅವಳಿಗೊಬ್ಬಳಿಗೆ ಗೊತ್ತು. ಅಪ್ಪನನ್ನು ಕಳಿಸಿ ಬಂದ ದಿನ ಅಮ್ಮ ಅತ್ತು ಅತ್ತು ಹಗುರಾಗಿದ್ದಳು. ಮಗಳು ಅಂದು ಅಳಲಿಲ್ಲ, ಕೆಲಸಕ್ಕೆ ಸೇರಿದ ಮೇಲೂ ಅಳಲಿಲ್ಲ. ಕಾರ್ಖಾನೆಯಲ್ಲಿ ದಿನಾ ನೋಡುವ ಅಪ್ಪನಿಗಾಗಿ ಮನೆಯಲ್ಲಿ ಕೂತು ಅಳುವುದು ಹೇಗೆ?

ಒಂದು ದಿನ ಮೇಡಂ ಒಂದು ಬೊಂಬೆ ತಂದರು. ಸೊಂಟದಿಂದ ಕೆಳಗೆ ಏನೂ ಇಲ್ಲದ, ಬಾಯಿ ತೆರೆದ ಬೊಂಬೆ. ನೆಲದ ಮೇಲೆ ಮಲಗಿಸಿ, ಎದೆಯ ನಡುವೆ ಅಂಗೈ ಊರಿ, ಮೊಣಕೈ ಮಡಿಸದೆ, ಜೋರಾಗಿ, ಬೇಗ ಬೇಗ ಒತ್ತುವುದನ್ನು ತೋರಿಸಿದರು. ಬಿದ್ದವರು ಮೀನಿನ ಹಾಗೆ ಬಾಯಿ ಬಿಟ್ಟು ಬಿಟ್ಟು ಗಾಳಿ ನುಂಗಿದರೆ ಅದನ್ನು ಉಸಿರಾಟ ಅಂದುಕೊಳ್ಳಬೇಡಿ, ಬಾಯಿಗೆ ನೀರಂತೂ ಹಾಕಲೇಬೇಡಿ ಅಂದರು. ಹಿಂದಿನ ಸಾಲಿನಲ್ಲಿ ಎಣ್ಣೆ ಮಾವ ತಲೆ ತಗ್ಗಿಸಿ ಹೊರಗೆ ಹೋದರು.

ಕತ್ತರಿ ಅತ್ತೆ ಬೊಂಬೆಯ ಎದೆ ಒತ್ತಿ ಎದ್ದು, “ನಮ್ಮನೆಯವರಿಗಿಂತ ಇವನೇ ವಾಸಿ. ಎದ್ದು ಅಡುಗೆ ಏನು ಅಂತ ಕೇಳಲ್ಲ” ಅಂದರು. ನಗುವಿನ ನಡುವೆ ಮಗಳ ಸರದಿ ಬಂತು. ಅವಳು ಒತ್ತಿದ ರೀತಿಗೆ ನಗು ತಾನಾಗಿ ನಿಂತಿತು. ಅಂದು ಯಾರೂ ಒತ್ತದ ಎದೆಯನ್ನು ಇಂದು ಒತ್ತುತ್ತಿದ್ದಾಳೆ ಎಂದು ನೋಡಿದವರಿಗೆಲ್ಲ ಅನ್ನಿಸಿತು. ಮೇಡಂ ಸಾಕು ಎನ್ನುವವರೆಗೂ ಅವಳು ನಿಲ್ಲಿಸಲಿಲ್ಲ.

ಆಮೇಲೆ ಮೇಡಂ, ಈಗ ಪೆಟ್ಟಿಗೆ ಅಂದರು. ಅದನ್ನು ಎಲ್ಲರೂ ತೆರೆದು ಕಲಿಯಬೇಕು, ಆಮೇಲೆ ಬಾಗಿಲ ಹತ್ತಿರ ಹಾಕಿಸೋಣ ಅಂದರು. ಒಬ್ಬರೂ ಕದಲಲಿಲ್ಲ. ಎಲ್ಲರ ಕಣ್ಣೂ ಮಗಳ ಮೇಲೆ. ಅವಳು, ಇವತ್ತು ಬೇಡ ಮೇಡಂ, ಅಂದಳು. ಮೇಡಂ ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು:

“ನೋಡಮ್ಮ, ಆ ದೀಪಕ್ಕೆ ಒಂದೇ ಅರ್ಥ. ನಾನು ತಯಾರಿದ್ದೀನಿ ಅಂತ. ಬೇರೆ ಏನೂ ಇಲ್ಲ ಅದರಲ್ಲಿ.”

“ಗೊತ್ತು ಮೇಡಂ.”

“ಗೊತ್ತಿದ್ರೆ ಮುಂದಿನ ವಾರ ತೆಗೆಯೋಣ. ಆಯ್ತಾ?”

ಅವಳು ಮೇಜಿಗೆ ಮರಳಿ ಸೂಜಿ ಹಿಡಿದಳು.

ಮುಂದಿನ ವಾರ ಬರುವವರೆಗೆ ಕಾಲ ಕಾಯಲಿಲ್ಲ. ಒಂದು ಮಧ್ಯಾಹ್ನ, ಊಟ ಮುಗಿದು ಮಗ್ಗಗಳು ಒಂದೊಂದಾಗಿ ಸದ್ದು ಹಿಡಿಯುತ್ತಿದ್ದ ಹೊತ್ತು. ದೀಪದ ಮೇಜುಗಳ ಎದುರಿನ ದಾರಿಯಲ್ಲಿ ಎಣ್ಣೆ ಮಾವ ಬರುತ್ತಿದ್ದರು. ಏನನ್ನೋ ನೆನಪಿಸಿಕೊಳ್ಳುವವರಂತೆ ನಿಂತರು. ಕೈಯಿಂದ ಎಣ್ಣೆಯ ಡಬ್ಬಿ ಜಾರಿತು. ಅದರ ಹಿಂದೆಯೇ ಅವರೂ ಜಾರಿ, ಒದ್ದೆ ಕಂಬಳಿ ಬಿದ್ದ ಹಾಗೆ ಬಿದ್ದರು.

ಮಗಳ ಕೈಯಲ್ಲಿ ಸೂಜಿ ಇತ್ತು. ಅದನ್ನು ಕೆಳಗಿಡಬೇಕು ಎಂದು ಅವಳ ಕೈಗೆ ಹೊಳೆಯಲಿಲ್ಲ. ಒಂದು ಕ್ಷಣ, ಒಂದೇ ಒಂದು ಕ್ಷಣ, ಅವಳ ಒಳಗೆ ಯಾರೋ ತಣ್ಣಗೆ ಅಂದರು: ನೀರು ಹಾಕಲಿ, ಯಾರಾದರೂ ಇವರ ಬಾಯಿಗೂ ನೀರು ಹಾಕಲಿ. ಆ ಮಾತು ಯಾರದೆಂದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅಷ್ಟರಲ್ಲಿ ನಿಜವಾಗಿಯೂ ಯಾರೋ ಲೋಟ ಹಿಡಿದು ಬಾಗಿದ್ದರು. ಅದನ್ನು ಕಂಡದ್ದೇ ತಡ, ಮಗಳು ಎದ್ದಳು. ಲೋಟವನ್ನು ತಳ್ಳಿದ ರಭಸಕ್ಕೆ ನೀರು ಅವಳ ಮುಖಕ್ಕೇ ಎರಚಿತು.

ಮಾವನ ಭುಜ ಅಲುಗಿಸಿ, ಏಳಿ, ಏಳಿ, ಅಂದಳು. ಓಗೊಡಲಿಲ್ಲ. ಬಾಯಿ ತೆರೆದು ಒಮ್ಮೆ ಗೊರಕ್ ಎಂದು ಗಾಳಿ ನುಂಗಿದರು. ಉಸಿರಿದೆ, ಉಸಿರಿದೆ, ಅಂದರು ಸುತ್ತ ನಿಂತವರು. ಅದು ಉಸಿರಲ್ಲ ಎಂದು ಅವಳಿಗೆ ಗೊತ್ತಿತ್ತು. ವಾಹನಕ್ಕೆ ಫೋನ್ ಮಾಡಿ ಎಂದು ಕೂಗಿ, ಮೊಣಕಾಲೂರಿ ಒತ್ತತೊಡಗಿದಳು. ಬೊಂಬೆಯ ಎದೆಯಲ್ಲಿ ಸ್ಪ್ರಿಂಗ್ ಇತ್ತು. ಇದರಲ್ಲಿ ಮೂಳೆ ಇತ್ತು. ಅಂಗೈಯ ಕೆಳಗೆ ಏನೋ ಲಟಕ್ ಅಂದಿತು. ಅವಳು ನಿಲ್ಲಿಸಲಿಲ್ಲ. ಯಾರೋ ಮಗ್ಗಗಳನ್ನೆಲ್ಲ ನಿಲ್ಲಿಸಿದರು. ಮೌನ ಬಂತು. ಆ ಮೌನದಲ್ಲಿ ಎಲ್ಲರೂ ಮೊದಲು ಕಂಬದ ಕಡೆ ನೋಡಿದರು, ಆಮೇಲೆ ಅವಳ ಕಡೆ.

ಹೆದರಿಕೆಯೊಂದೇ ಅಲ್ಲ ಅದು ಎಂದು ಅವಳಿಗೆ ಆಗ ಅರ್ಥವಾಯಿತು. ಇಷ್ಟು ದಿನ ಇವರೆಲ್ಲ ಸುತ್ತು ಹಾಕಿ ನಡೆದದ್ದು ಅರ್ಧ ಭಯಕ್ಕೆ, ಅರ್ಧ ತನ್ನ ಮುಖ ನೋಡಿ.

ಕತ್ತರಿ ಅತ್ತೆ ಹತ್ತಿರ ಬಂದು ಕೂತರು. ಅವರ ಬಾಯಲ್ಲಿ ಕತ್ತರಿ ಇರಲಿಲ್ಲ.

“ಮಗಳೇ, ನೀನು ಹೇಳಿದ್ರೆ ನಾನು ತರ್ತೀನಿ. ನೀನು ಹೇಳಬೇಕು.”

ಅವಳು ಒತ್ತುತ್ತಲೇ ಇದ್ದಳು. ದೂರದಲ್ಲಿ ಗಾಜಿನ ಹಿಂದೆ ಹಸಿರು ಮಿಣುಕುತ್ತಿತ್ತು. ಏಳು ಸಮುದ್ರ ದಾಟಿ, ಮರ ಹತ್ತಿ, ಪೊಟರೆಗೆ ಕೈ ಹಾಕುವುದು ಎಂದರೆ ಇದೇ. ಕಥೆಯಲ್ಲಿ ಅದು ಕೊಲ್ಲಲು. ಇಲ್ಲಿ ಒಬ್ಬರನ್ನು ಉಳಿಸಲು. ಆದರೆ ಗಿಳಿಗೆ ಎರಡೂ ಒಂದೇ ಅಲ್ಲವೇ? ಕೈಕೆಳಗಿನ ಮುಖ ನೀಲಿಗಟ್ಟುತ್ತಿತ್ತು. ಮಾವ, ತಡೀರಿ ಮಾವ, ಎಂದು ಮನಸ್ಸಿನಲ್ಲೇ ಬೇಡಿದಳು. ಎಷ್ಟೋ ಕಾಲದ ಮೇಲೆ ಅವರನ್ನು ಹಾಗೆ ಕರೆದಿದ್ದಳು.

“ತೆಗೀರಿ ಅತ್ತೆ,” ಅಂದಳು. “ಅಪ್ಪ ಬೇಡ ಅನ್ನಲ್ಲ.”

ಅತ್ತೆ ಸವೆದ ದಾರಿ ಹಿಡಿಯಲಿಲ್ಲ. ಸೀದಾ ನಡೆದರು, ಉಣ್ಣೆಯ ನವಿರಿನ ಮೇಲೆಯೇ. ಹೆಜ್ಜೆ ಬಿದ್ದಲ್ಲೆಲ್ಲ ಅದು ಹೊಗೆಯಂತೆ ಮೇಲೆದ್ದು, ಅತ್ತೆ ಸೊಂಟದವರೆಗೆ ಕಾಣದಂತಾದರು. ಬಾಗಿಲು ತೆರೆದದ್ದೇ ಪೆಟ್ಟಿಗೆ ಕಿರುಚಿತು. ಇಡೀ ಮಗ್ಗದ ಮನೆ ತುಂಬುವ ಕಿರುಚು. ನಿಂತವರಲ್ಲಿ ಇಬ್ಬರು ಕಿವಿ ಮುಚ್ಚಿಕೊಂಡರು. ಮಗಳಿಗೆ ಕಿವಿ ಮುಚ್ಚಲು ಕೈ ಬಿಡುವಿರಲಿಲ್ಲ.

ಅತ್ತೆ ಯಂತ್ರ ತಂದು ಪಕ್ಕದಲ್ಲಿಟ್ಟು ತೆರೆದಾಗ ಒಂದು ದನಿ ಮಾತಾಡಿತು. ಅಪ್ಪನದಲ್ಲ. ಯಾರದೋ ಹೆಂಗಸಿನ ದನಿ, ಅವಸರವಿಲ್ಲದ್ದು, ಮಗುವಿಗೆ ಬಟ್ಟೆ ತೊಡಿಸುವಾಗ ಹೇಳಿಕೊಡುವಂಥದ್ದು. ಅಂಗಿ ತೆಗೆಯಿರಿ ಅಂದಿತು; ಅತ್ತೆ ಕೊರಳ ಕತ್ತರಿಯಿಂದ ಸರ‍್ರನೆ ಕತ್ತರಿಸಿದರು. ಎದೆಗೆ ಪಟ್ಟಿ ಅಂಟಿಸಿ ಅಂದಿತು, ಅಂಟಿಸಿದರು. ಯಾರೂ ಮುಟ್ಟಬೇಡಿ ಅಂದಿತು. ಮಗಳು ಕೈ ಎತ್ತಿ ಹಿಂದೆ ಸರಿದಳು. ಯಂತ್ರದ ಮೇಲೆ ಮಿಟುಕುತ್ತಿದ್ದ ಶಾಕ್ ಗುಂಡಿಯನ್ನು ಒತ್ತಬೇಕಾದವಳು ಅವಳೇ. ಒತ್ತಿದಳು.

ಮಾವನ ಮೈ ಒಮ್ಮೆ ಬೆಚ್ಚಿದಂತೆ ಕುಲುಕಿತು. ಅದೇ ಗಳಿಗೆಯಲ್ಲಿ ಅವಳ ಬೆನ್ನ ಹಿಂದಿನಿಂದ, ಕಿವಿಯ ಪಕ್ಕದಲ್ಲೇ, ಯಾರೋ ಹಾದುಹೋದಂತೆ ಗಾಳಿ ಸುಳಿಯಿತು. ಅವಳು ತಿರುಗಿ ನೋಡಲಿಲ್ಲ. ದನಿ ಮತ್ತೆ ಒತ್ತಲು ಹೇಳುತ್ತಿತ್ತು. ಒತ್ತಿದಳು, ತೋಳು ಸೋಲುವವರೆಗೆ. ಸೋತಾಗ ಅತ್ತೆ ಒತ್ತಿದರು. ಕೊನೆಗೆ ಮಾವ ಕೆಮ್ಮಿದರು. ಮುಖ ಸೊಟ್ಟಗೆ ಮಾಡಿ, ನೋವಿಗೆ ನರಳಿದರು. ಅಷ್ಟು ಚೆಂದದ ನರಳಾಟವನ್ನು ಅಲ್ಲಿದ್ದವರು ಯಾರೂ ಕೇಳಿರಲಿಲ್ಲ.

ವಾಹನ ಬಂತು, ಹೋಯಿತು. ಸಂಜೆಯ ಹೊತ್ತಿಗೆ ಆಸ್ಪತ್ರೆಯಿಂದ ಫೋನ್ ಬಂತು: ಕಣ್ಣು ಬಿಟ್ಟಿದ್ದಾರೆ, ಎರಡು ಪಕ್ಕೆಲುಬು ಮುರಿದಿವೆ, ಜೀವಕ್ಕೆ ಭಯವಿಲ್ಲ. ಮೇಡಂ ಅವಳ ತಲೆ ಸವರಿ ಏನೋ ಅಂದರು. ಜನ ಗುಂಪುಗುಂಪಾಗಿ ಮಾತಾಡಿಕೊಂಡರು. ಮಾತಾಡುತ್ತ ಮಾತಾಡುತ್ತ, ತಮಗೇ ತಿಳಿಯದೆ, ಕಂಬಕ್ಕೆ ಒರಗಿ ನಿಂತಿದ್ದರು.

ಮಗಳು ಪೆಟ್ಟಿಗೆಯೊಳಗೆ ಇಣುಕಿದಳು. ಮಡಿಸಿದ ಒಂದು ಬಟ್ಟೆ, ಒಂದು ಜೊತೆ ಕೈಗವಸು. ಅಷ್ಟೆ. ಕೊಳವೆಯಿಂದ ಗಾಳಿ ಹೊರಟಿತು. ಅದು ಗಾಳಿಯ ಸದ್ದಾಗಿತ್ತು. ದೆವ್ವವಿರುವ ಜಾಗದಲ್ಲಿ ಅವಳಿಗೆ ಎಂದೂ ಹೆದರಿಕೆಯಾಗಿರಲಿಲ್ಲ. ಈಗ ಆಯಿತು. ಅಷ್ಟು ಜನರಿದ್ದ ಮಗ್ಗದ ಮನೆಯಲ್ಲಿ ಅವಳ ಪಾಲಿಗೆ ಯಾರೂ ಇರಲಿಲ್ಲ.

ಮನೆಗೆ ಹೋದಾಗ ಅಮ್ಮ ಒಲೆಯ ಮುಂದೆ ನಿಂತಿದ್ದಳು. ಮಗಳು ಹೊಸ್ತಿಲಲ್ಲೇ ನಿಂತು, ಕಾಲಿನ ಚಪ್ಪಲಿಯನ್ನೂ ತೆಗೆಯದೆ ಹೇಳಿದಳು:

“ಅಮ್ಮ, ಅಪ್ಪ ಹೋದ್ರು.”

ಅಮ್ಮ ತಿರುಗಿ ನೋಡಿದಳು. ಎಷ್ಟೋ ಹಳೆಯ ಸುದ್ದಿ ಅದು ಎನ್ನಲಿಲ್ಲ. ನಿನಗೆ ಹುಚ್ಚೇ ಎನ್ನಲಿಲ್ಲ. ಮಗಳ ತಲೆಗೂದಲಲ್ಲಿ ಸಿಕ್ಕಿದ್ದ ಉಣ್ಣೆಯ ನವಿರನ್ನು, ಕೆಂಪಾಗಿ ಊದಿದ್ದ ಅಂಗೈಗಳನ್ನು ಒಂದೊಂದಾಗಿ ನೋಡಿದಳು.

“ಯಾವಾಗ?” ಎಂದು ಕೇಳಿದಳು.

“ಮಧ್ಯಾಹ್ನ.”

ಅಮ್ಮ ಒಲೆ ಆರಿಸಿದಳು. ಒದ್ದೆ ಕೈಯನ್ನು ಒರೆಸಿಕೊಂಡು ಬಂದು, ಮಗಳನ್ನು ಕೂರಿಸಿ, ಸಾವಿನ ಮನೆಗೆ ಬಂದವರು ಕೂರುವ ಹಾಗೆ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಮಗಳು ಅಳಲು ಶುರುಮಾಡಿದಳು.