ಗೋಡೆ ಹತ್ತಲು ಎರಡು ಪಾಯಿಂಟು

ಹಸಿರು ದಾಳ, ಬಿಸಿಲು ಬಿದ್ದರೆ ಒಳಗೆ ರಸವಿದ್ದಂತೆ ಕಾಣುತ್ತದೆ, ಥೇಟ್ ದ್ರಾಕ್ಷಿ, ಬಾಯಿಗೆ ಹಾಕಿಕೊಳ್ಳೋಣ ಅನ್ನಿಸುತ್ತದೆ, ಈ ಪಿಳ್ಳಮ್ಮ ದಾಳ ನುಂಗಿದಳು ಅಂದರೆ ಪಟ್ಟಂದೂರು ಅಗ್ರಹಾರವೆಲ್ಲ ಬಿದ್ದು ಬಿದ್ದು ನಗುತ್ತದೆ — ಅಜ್ಜಿ, ಇನ್ನ ಎರಡು ಪಾಯಿಂಟ್ ಉಳದಾವ ನೋಡ್ರಿ, ಯಾವುದಕ್ಕ ಹಾಕೂಣ್ರಿ, ನೀಲಾಂಬಿಕಾ ಪೆನ್ಸಿಲ್ ಹಿಡಿದು ಕೇಳುತ್ತಿದ್ದಾಳೆ, ಕೊಪ್ಪಳದ ಹುಡುಗಿ, ನನ್ನ ಮಹಡಿ ಮನೆಗೆ ಬಾಡಿಗೆಗೆ ಬಂದವಳು, ಭಾನುವಾರವಾದರೆ ಆಫೀಸಿನ ಗೆಳೆಯರನ್ನು ಕೂರಿಸಿಕೊಂಡು ಕಥೆ ಕಟ್ಟುವ ಆಟ, ಒಬ್ಬೊಬ್ಬರಿಗೆ ಒಂದೊಂದು ವೇಷ, ಇವತ್ತು ಒಬ್ಬರು ಕಡಿಮೆ ಬಿದ್ದರು ಅಂತ ನನ್ನನ್ನು ಕರೆದಳು, ಕರೆದದ್ದೇ ತಡ ಒಲೆ ಆರಿಸಿ ಬಂದುಬಿಟ್ಟೆ, ಮೆಟ್ಟಿಲಲ್ಲಿ ಎಡಮಂಡಿ ಅಯ್ಯೋ ಅಂದಿತು, ಅನ್ನಲಿ. ಯಾವ ವೇಷ ಅಂದಾಗ ಕಳ್ಳಿ ಅಂದೆ, ಅವಳ ಆಫೀಸಿನ ಶ್ರೀಧರ ಕುಡಿಯುತ್ತಿದ್ದ ಟೀ ಮೂಗಿಗೇರಿಸಿಕೊಂಡ. ಬಲ, ಗೋಡೆ ಮರ ಹತ್ತುವ ಚುರುಕು, ತಾಳಿಕೆ, ಬುದ್ಧಿ, ವಿವೇಕ, ಮಾತಿನ ಮೋಡಿ, ನನಗೋಸ್ಕರ ಕನ್ನಡದಲ್ಲೇ ಬರೆದಿದ್ದಾಳೆ, ದಾಳ ಉರುಳಿಸಿ ಆರಕ್ಕೂ ಅಂಕ ಬಂದಾಯಿತು, ಉಳಿದ ಈ ಎರಡು ಪಾಯಿಂಟನ್ನು ಯಾವುದಾದರೂ ಒಂದಕ್ಕೆ ಸೇರಿಸಬೇಕು, ಸೇರಿಸಿದ ಮೇಲೆ ಬದಲಾಯಿಸುವಂತಿಲ್ಲವಂತೆ.

ವಿವೇಕಕ್ಕೇ ಹಾಕಿ ಅಜ್ಜಿ, ಶ್ರೀಧರ ಹೇಳುತ್ತಾನೆ, ಇಡೀ ಏರಿಯಾಗೆ ನ್ಯಾಯ ಹೇಳೋರು ನೀವು, ಸಕ್ಕತ್ ಸೂಟ್ ಆಗತ್ತೆ — ಹೌದಪ್ಪ, ನೀರಿನ ಜಗಳಕ್ಕೆ ಪಿಳ್ಳಮ್ಮ, ಆಸ್ತಿ ಭಾಗಕ್ಕೆ ಪಿಳ್ಳಮ್ಮ, ಗಂಡ ಹೆಂಡಿರ ಮುನಿಸಿಗೂ ಪಿಳ್ಳಮ್ಮನೇ ಬರಬೇಕು, ಇದು ಶುರುವಾದದ್ದು ದ್ರಾಕ್ಷಿ ತೋಟದ ಗೋಡೆಯ ಹತ್ತಿರ, ನಾನೂ ನನ್ನ ಓರಗೆಯ ಗೌರಮ್ಮನೂ ಇನ್ನೂ ಲಂಗದ ಹುಡುಗಿಯರು, ಅವಳು ಸರಸರ ಮೇಲೇರಿ, ಪಿಳ್ಳಿ, ನೀನು ಬುದ್ಧಿವಂತೆ ಕಣೆ, ಕೆಳಗಿದ್ದು ಕಾವಲು ನೋಡ್ಕ ಅಂದಳು — ನಿಂತೆ, ಮಡಿಲು ಒಡ್ಡಿಕೊಂಡು, ಗೋಡೆಯ ಮೇಲಿಂದ ಇಣುಕುತ್ತಿದ್ದ ಆ ಗೊಂಚಲನ್ನೇ ನೋಡುತ್ತಾ, ಗೌರಮ್ಮನ ಕೈಗೂ ಎಟುಕದ ಗೊಂಚಲು — ಅಲ್ಲೀಗ ಗಾಜಿನ ಕಟ್ಟಡ ಎದ್ದಿದೆ, ನೀಲಾಂಬಿಕಾ ಕೆಲಸ ಮಾಡುವುದೂ ಅಲ್ಲೇ, ತೋಟ ಹೋಯಿತು, ಗೋಡೆ ಹೋಯಿತು, ಗೌರಮ್ಮನ ಬಾಯಿ ಮಾತ್ರ ಹೋಗಲಿಲ್ಲ, ಮದುವೆ ಮನೆಯಲ್ಲಿ ಸಿಕ್ಕಿದರೆ ಈಗಲೂ ಎಲ್ಲರೆದುರು, ಈ ಪಿಳ್ಳಿ ಒಂದ್ ದಪಾನೂ ಮ್ಯಾಕೆ ಅತ್ಲಿಲ್ಲ ಕಣ್ರೇ, ಪುಕ್ಲಿ, ನಾನು ನಗುತ್ತೇನೆ, ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ.

ವಿವೇಕಾನ ಬರಕೊಳ್ಳಲೇನ್ರಿ ಅಜ್ಜಿ — ಪೆನ್ಸಿಲ್ ಇಳಿಯುತ್ತಿದೆ, ಇಳಿದೇಬಿಟ್ಟರೆ ಈ ಕಳ್ಳಿಯೂ ಕೆಳಗೇ ನಿಲ್ಲುತ್ತಾಳೆ, ಕಾವಲು ಕಾಯುತ್ತಾ, ಮೇಲಿದ್ದವರು ಎಸೆದದ್ದನ್ನು ಹಿಡಿಯುತ್ತಾ — ತಡಿ ತಡಿ ಕಣವ್ವ, ಚುರುಕಿಗೆ ಆಕು, ಎರಡೂ ಚುರುಕಿಗೇ ಆಕು, ವಿವೇಕ ಇರೋದೇ ಸಾಕಾಗೈತೆ — ಕೂಗಿಬಿಟ್ಟೆನೇನೋ, ಶ್ರೀಧರ ಶಿಳ್ಳೆ ಹೊಡೆಯುತ್ತಿದ್ದಾನೆ, ನೀಲಾಂಬಿಕಾ ನಗುತ್ತಲೇ ಬರೆದುಕೊಂಡಳು, ಕಥೆ ಶುರು ಮಾಡಿದಳು, ಅರಮನಿ ಹಿಂದ ಎತ್ತರದ್ದೊಂದು ಗ್ವಾಡಿ ಐತ್ರಿ ಅಜ್ಜಿ, ಏರತೀರೋ, ಸುತ್ತು ಹೊಡದು ಬಾಗಿಲ ಕಡೆ ಹೊಕ್ಕೀರೋ — ಏರ್ತೀನಿ, ಏರೇ ಏರ್ತೀನಿ, ಅಯ್ಯೋ ಎಷ್ಟು ಖುಷಿಯಾಗುತ್ತಿದೆ ನನಗೆ — ಹಂಗಾರ ದಾಳ ಒಗೀರಿ — ಒಗೆದೆ, ಉರುಳುತ್ತಿದೆ, ಹಸಿರು, ಇನ್ನೂ ಉರುಳುತ್ತಿದೆ, ಮಂಡಿಯ ನೋವೇ ಗೊತ್ತಾಗುತ್ತಿಲ್ಲ, ಎರಡು ಕೈಯೂ ಗೋಡೆಯ ತುದಿಯಲ್ಲಿ, ಬಿಸಿಲಿಗೆ ಕಾದ ಕಲ್ಲು, ಕೆಳಗೆ ಗೌರಮ್ಮ ಮಡಿಲು ಒಡ್ಡಿಕೊಂಡು ನಿಂತಿದ್ದಾಳೆ, ಕಣ್ಣೆದುರು, ಮೂಗಿಗೆ ತಾಗುವಷ್ಟು ಹತ್ತಿರ, ಆ ಗೊಂಚಲು.