ಐನೂರ ನಲವತ್ತು ಕಿಲೋಮೀಟರ್ ಸುತ್ತು

ಪ್ರಯಾಣಿಕರ ಪೆಟ್ಟಿಗೆ ತೂಗುವ ಕೌಂಟರಿನಲ್ಲಿ ಆರು ವರ್ಷ ಸವೆಸಿ, ಪರೀಕ್ಷೆಯ ಮೇಲೆ ಪರೀಕ್ಷೆ ಕಟ್ಟಿ, ವಿಮಾನದ ದಾರಿ ಗುರುತಿಸುವ ಕೋಣೆಗೆ ಬಂದವಳು ಲಗೇಜಕ್ಕ. ಕೆಲಸ ಬದಲಾದರೂ ಹೆಸರು ಬೆನ್ನು ಬಿಡಲಿಲ್ಲ. ಇವತ್ತು ಅವಳ ಕುರ್ಚಿಗೇ ಸಂಚಕಾರ ಬಂದಿತ್ತು. ದೂರದ ಆ ನಗರಕ್ಕೆ ಎಲ್ಲೂ ನಿಲ್ಲದೆ ಹಾರುತ್ತೇವೆಂದು ಕಂಪನಿ ಡಂಗುರ ಸಾರಿ ಒಂಬತ್ತು ದಿನ. ಒಂಬತ್ತೂ ದಿನ ವಿಮಾನ ಇಂಧನಕ್ಕೆಂದು ನಡುದಾರಿಯಲ್ಲಿ ಇಳಿದಿತ್ತು. ಇವತ್ತೂ ಇಳಿದರೆ ಆ ಹಾರಾಟ ರದ್ದು, ಅದಕ್ಕೆಂದೇ ನೇಮಕವಾದ ಅವಳು ವಾಪಸ್ ಪೆಟ್ಟಿಗೆ ತೂಗಲು.

ಕೋಣೆಯ ಮುಖ್ಯಸ್ಥರಿಗೆ ಸ್ಕೇಲು ಸಾಹೇಬರೆಂದೇ ಹೆಸರು. ಸ್ಟೀಲ್ ಸ್ಕೇಲು ಬಿಟ್ಟು ಅವರು ಊಟಕ್ಕೂ ಏಳುತ್ತಿರಲಿಲ್ಲ. ಬೆಳಿಗ್ಗೆ ನಕ್ಷೆಯ ಮೇಲೆ ಅದನ್ನಿಟ್ಟು, "ಹನ್ನೊಂದು ಸಾವಿರದ ಇನ್ನೂರು ಕಿಲೋಮೀಟರ್. ಇದಕ್ಕಿಂತ ಹತ್ತಿರದ ದಾರಿ ಇಲ್ಲ," ಎಂದರು.

ಲಗೇಜಕ್ಕ ಡಬ್ಬಿಚೀಲದಿಂದ ಕೆಂಪು ದಾರ ತೆಗೆದಳು. ಅಮ್ಮ ದರ್ಜಿ, ಮನೆಯಲ್ಲಿ ದಾರಕ್ಕೆ ಬರವಿಲ್ಲ. ಅದನ್ನು ಕಮಾನಿನಂತೆ ಬಗ್ಗಿಸಿ ನಕ್ಷೆಯ ಮೇಲಿಟ್ಟಳು.

"ಐನೂರ ನಲವತ್ತು ಜಾಸ್ತಿ! ತಲೆ ಸರಿ ಇದೆಯೇನಮ್ಮ?"

"ದೂರ ಜಾಸ್ತಿ ಸಾರ್, ಹೊತ್ತು ಕಮ್ಮಿ. ನೇರ ಹೋದ್ರೆ ಎದುರುಗಾಳಿ, ಹದಿಮೂರು ಗಂಟೆ ನಲವತ್ತು ನಿಮಿಷ. ಹೀಗೆ ಸುತ್ತಿದ್ರೆ ಬೆನ್ನಿಗೆ ಗಾಳಿ, ಹದಿಮೂರು ಗಂಟೆ ಐದು ನಿಮಿಷ."

ಟ್ಯಾಂಕಿನ ಲೆಕ್ಕ ಹದಿಮೂರೂವರೆ ಗಂಟೆ. ಅದರಾಚೆಯದು ಮುಟ್ಟಬಾರದ ಇಂಧನ. ನಿವೃತ್ತಿಯ ಹೊಸ್ತಿಲಲ್ಲಿದ್ದ ಪೈಲಟ್ ನಗುತ್ತಾ ಅವಳ ದಾರಿಗೇ ಸಹಿ ಹಾಕಿದ. "ಒಂಬತ್ತು ದಿನ ಸ್ಕೇಲು ನಂಬಿದ್ವಲ್ಲ ಸಾರ್, ಇವತ್ತೊಂದಿನ ದಾರ ನಂಬೋಣ." ಆರು ಗಂಟೆಗೆ ವಿಮಾನ ಎದ್ದಿತು.

ಏಳು ಗಂಟೆ ಹಾರಿದ ಮೇಲೆ ನೋಡಿದರೆ ಇಪ್ಪತ್ತು ನಿಮಿಷ ತಡ. ಬೆನ್ನಿಗೆ ಬರಬೇಕಿದ್ದ ಗಾಳಿಯ ಸುಳಿವೇ ಇಲ್ಲ.

"ಇಂಧನದ ಲೆಕ್ಕದಲ್ಲಿ ಉಳಿದಿರೋದು ಐದೇ ನಿಮಿಷ. ಇಳಿಸಮ್ಮ," ಎಂದರು ಸಾಹೇಬರು.

ಅವಳು ಆಗಷ್ಟೇ ಬಂದ ಗಾಳಿಯ ವರದಿಯ ಮೇಲೆ ಬೆರಳಾಡಿಸಿದಳು. ಗಾಳಿ ಕೈಕೊಟ್ಟಿರಲಿಲ್ಲ, ಮುಂದಕ್ಕೆ ಸರಿದಿತ್ತು ಅಷ್ಟೇ. "ಇಂಧನಕ್ಕೆ ಇಳಿಯೋ ಊರು ಇನ್ನೂ ಒಂದು ಗಂಟೆ ದೂರ ಇದೆ ಸಾರ್. ನಲವತ್ತು ನಿಮಿಷ ಕಾಯೋಣ. ಗಾಳಿ ಸಿಗದಿದ್ರೆ ನಾನೇ ಇಳಿಸ್ತೀನಿ."

ಆ ನಲವತ್ತು ನಿಮಿಷ ಯಾರೂ ಟೀ ಮುಟ್ಟಲಿಲ್ಲ. ಮೂವತ್ತೆಂಟನೆಯ ನಿಮಿಷಕ್ಕೆ ಪೈಲಟ್‌ನ ಸಂದೇಶ ಬಂತು: "ಗಾಳಿ ಸಿಕ್ತು. ನೀವು ಹೇಳಿದ್ದಕ್ಕಿಂತ ಜೋರಾಗೇ ಇದೆ. ಮುಂದೆ ಹೋಗ್ತಿದ್ದೀನಿ."

ಸಂಜೆ ವಿಮಾನ ಎಲ್ಲೂ ನಿಲ್ಲದೆ ಆ ನಗರದಲ್ಲಿಳಿಯಿತು. ಹದಿಮೂರು ಗಂಟೆ ನಾಲ್ಕು ನಿಮಿಷ! ಕೋಣೆಯವರೆಲ್ಲ ಮೇಜು ಕುಟ್ಟಿ ಕೂಗಿದರು. ಲಗೇಜಕ್ಕನಿಗೆ ಸಂತೋಷಕ್ಕೆ ಅಳುವೇ ಬಂತು. ಅಡಗಿಸುವ ಗೋಜಿಗೆ ಅವಳು ಹೋಗಲಿಲ್ಲ.

ಸ್ಕೇಲು ಸಾಹೇಬರು ಮಾತ್ರ ನಾಳೆಯ ನಕ್ಷೆಯ ಮುಂದೆ ನಿಂತಿದ್ದರು. ಸ್ಕೇಲನ್ನು ಹೀಗಿಟ್ಟರು, ಹಾಗಿಟ್ಟರು. ಅದು ಬಗ್ಗಬೇಕಲ್ಲ! ಕೊನೆಗೆ ಗಂಟಲು ಸರಿಮಾಡಿಕೊಂಡರು.

"ಆ ದಾರ ಒಂಚೂರು ಕೊಡಮ್ಮ."

"ತಗೊಳ್ಳಿ ಸಾರ್," ಎಂದಳು ಅವಳು ಕಣ್ಣೊರೆಸಿಕೊಂಡು. "ಕೆಲಸ ಮುಗಿದ ಮೇಲೆ ನನ್ನ ಮೇಜಿನ ಮೇಲೇ ಇಟ್ಟುಬಿಡಿ. ಬೆಳಿಗ್ಗೆ ಬಂದ ಕೂಡಲೇ ಬೇಕಾಗುತ್ತೆ."